ಮಗು ಏನು ತಿನ್ನಬೇಕೆಂದು ಅಪ್ಪ-ಅಮ್ಮನ ಕೆಲಸ ತೀರ್ಮಾನಿಸುತ್ತದೆಯೇ?

ಪರ: ಹೌದು, ಗಡಿಯಾರ ತೋರಿಸಿ ತೀರ್ಮಾನಿಸುತ್ತದೆ

ಕೊಡಗಿನ ಸಿದ್ದಾಪುರ, ಪಾಲಿಬೆಟ್ಟದ ಕಡೆ ರೋಬಸ್ಟಾ ಕಾಫಿ ಕೊಯ್ಲು ಶುರುವಾದರೆ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಲ್ಲಿ, ಬೆಳಗಾಗುವ ರೀತಿಯೇ ಬೇರೆ. ಡಿಸೆಂಬರ್‌ನಿಂದ ಫೆಬ್ರವರಿ, ಕೆಲವು ವರ್ಷ ಮಾರ್ಚ್‌ವರೆಗೂ ಇದೇ ಗಡಿಬಿಡಿ. ಎಷ್ಟೋ ತೋಟಗಳಲ್ಲಿ ಆಗ ಕೂಲಿ ಕೆ.ಜಿ. ಲೆಕ್ಕದಲ್ಲಿ. ಕೊಯ್ದಷ್ಟು ದುಡ್ಡು.

ಎರಡು ವರ್ಷದ ಮಗುವಿಗೆ ಅನ್ನ ತಿನ್ನಿಸಿದವರಿಗೆ ಗೊತ್ತು. ಒಂದು ತುತ್ತನ್ನು ಕೆನ್ನೆಯಲ್ಲಿ ಒತ್ತಿಟ್ಟುಕೊಂಡು ಅಂಗಳದ ಕೋಳಿ ನೋಡುತ್ತಾ ನಿಲ್ಲುತ್ತದೆ. ನುಂಗುವುದಿಲ್ಲ, ಉಗಿಯುವುದೂ ಇಲ್ಲ. ಅದನ್ನು ಕಾಯಲು ಬೇಕಾದ ಅರ್ಧ ಗಂಟೆ ಕೊಯ್ಲಿನ ದಿನ ಅಮ್ಮನ ಬಳಿ ಇರುವುದಿಲ್ಲ. ಟೀಗೆ ಬಿಸ್ಕತ್ತು ಅದ್ದಿ ಕೊಟ್ಟರೆ ಐದೇ ನಿಮಿಷ. ಮಗುವೂ ಗಲಾಟೆ ಮಾಡುವುದಿಲ್ಲ. ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಟೀ ತಡೆಯುತ್ತದೆ, ಮಕ್ಕಳಿಗೆ ಕೊಡಬೇಡಿ ಎಂದರೆ ಅವಳು ತಲೆಯಾಡಿಸುತ್ತಾಳೆ. ಒಪ್ಪುತ್ತಾಳೆ ಕೂಡ. ಒಪ್ಪಿ ಏನು ಮಾಡುವುದು, ತೋಟಕ್ಕೆ ಕರೆದೊಯ್ಯುವ ಜೀಪು ಕಾಯುವುದಿಲ್ಲವಲ್ಲ!

ಇನ್ನು ಹೋಂಸ್ಟೇ, ರೆಸಾರ್ಟ್ ಕೆಲಸದವರ ಪಾಡು. ಊರಿಗೆಲ್ಲ ರಜೆ ಇದ್ದಾಗ ಇವರಿಗೆ ಮೈತುಂಬ ಕೆಲಸ. ಬೆಂಗಳೂರಿನಿಂದ ಬಂದವರಿಗೆ ಶನಿವಾರ, ಭಾನುವಾರ ಬಿಸಿಬಿಸಿ ಕಡಂಬುಟ್ಟು (ಅಕ್ಕಿ ಕಡುಬು), ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಬಡಿಸಿ, ರಾತ್ರಿ ಮನೆಗೆ ಬಂದು ತಮ್ಮ ಮಗುವಿಗೆ ಎರಡು ನಿಮಿಷದ ನೂಡಲ್ಸ್ ಕುದಿಸುತ್ತಾರೆ. ಅಡುಗೆ ಬಾರದವರಲ್ಲ ಇವರು. ಅಡುಗೆಯೇ ಇವರ ಕಸುಬು!

ದುಡ್ಡಿದ್ದರೆ ಎಲ್ಲ ಸರಿಹೋಗುತ್ತದೆ ಅಂತೀರಾ? ಮಡಿಕೇರಿಯಲ್ಲಿ ಗಂಡ-ಹೆಂಡತಿ ಇಬ್ಬರೂ ಬ್ಯಾಂಕಿಗೆ ಹೋಗುವ ಮನೆಗಳನ್ನು ನೋಡಿ. ಫ್ರಿಜ್ ತುಂಬಿರುತ್ತದೆ, ಮಗು ಮಾತ್ರ ಮೊಬೈಲ್ ನೋಡುತ್ತಾ ಡಬ್ಬಿ ಪುಡಿಯ ಗಂಜಿ ಕುಡಿಯುತ್ತದೆ.

ಇದೆಲ್ಲ ಶುರುವಾಗುವುದು ಎದೆಹಾಲಿನಿಂದಲೇ. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2017ರಲ್ಲಿ ಹೆರಿಗೆ ರಜೆ 26 ವಾರಕ್ಕೆ ಏರಿದ್ದರಿಂದ ಕಾಯಂ ನೌಕರಿಯಲ್ಲಿರುವವಳಿಗೆ ಅದು ಸಾಧ್ಯ. ಮೇಸ್ತ್ರಿ ಕರೆದ ದಿನ ಮಾತ್ರ ಕೂಲಿ ಇರುವವಳಿಗೆ ಯಾವ ರಜೆ?

ವಿರೋಧ: ಕೆಲಸದ ಮೇಲೆ ಸುಮ್ನೆ ಗೂಬೆ ಕೂರಿಸಬೇಡಿ

ಒಂದೇ ತೋಟ, ಒಂದೇ ಲೈನು, ಒಂದೇ ಕೂಲಿ. ಅಕ್ಕಪಕ್ಕದ ಎರಡು ಮನೆ. ಒಂದರಲ್ಲಿ ಮಗು ಸೊಪ್ಪಿನ ಸಾರಿಗೆ ಅನ್ನ ಕಲಸಿಸಿಕೊಂಡು ತಿನ್ನುತ್ತದೆ. ಇನ್ನೊಂದರಲ್ಲಿ ಐದು ರೂಪಾಯಿ ಪ್ಯಾಕೆಟ್ ಹರಿಯುತ್ತದೆ. ಕೆಲಸವೇ ಕಾರಣವಾಗಿದ್ದರೆ ಎರಡೂ ತಟ್ಟೆ ಒಂದೇ ಥರ ಇರಬೇಕಿತ್ತು, ಅಲ್ವಾ?

ಮಗು ಸೊಪ್ಪು ತಿನ್ನುವ ಮನೆಯಲ್ಲಿ ವಿಚಾರಿಸಿದರೆ ಹೆಚ್ಚಾಗಿ ಒಬ್ಬ ಅಜ್ಜಿ ಸಿಗುತ್ತಾಳೆ. ಕಕ್ಕಡದ (ಕೊಡಗಿನ ಆಟಿ ತಿಂಗಳ) ಮಳೆಯಲ್ಲಿ ಯಾವ ಕೆಸ ತುರಿಸುತ್ತದೆ, ಯಾವುದು ತುರಿಸುವುದಿಲ್ಲ ಎಂದು ಅವಳಿಗೆ ಗೊತ್ತು. ಕಣಿಲೆಯನ್ನು (ಎಳೆ ಬಿದಿರಿನ ಮೊಳಕೆ) ಹೆಚ್ಚಿ, ನೀರು ಬದಲಿಸುತ್ತಾ ನೆನೆಹಾಕದೆ ಒಲೆಗೆ ಇಡಬಾರದೆಂದೂ ಗೊತ್ತು. ಮಗುವಿಗೆ ಮೊದಲು ಬರೀ ಸಾರು, ಆಮೇಲೆ ಸೊಪ್ಪು. ಅವಳೂ ತನ್ನ ಕಾಲದಲ್ಲಿ ಕೂಲಿಗೆ ಹೋದವಳೇ. ಆಗಲೂ ಕೊಯ್ಲು ಇತ್ತು, ಗಡಿಬಿಡಿ ಇತ್ತು. ಅಂಗಡಿ ಬಾಗಿಲಲ್ಲಿ ಮಗುವಿನ ಕಣ್ಣೆತ್ತರಕ್ಕೆ ಪ್ಯಾಕೆಟ್ ಸರ ತೂಗುತ್ತಿರಲಿಲ್ಲ, ಅಷ್ಟೇ.

ಇನ್ನೊಂದು ವಿಷಯ ನನಗೆ ಸಿಟ್ಟು ತರಿಸುತ್ತದೆ. ‘ಅಪ್ಪ-ಅಮ್ಮನ ಕೆಲಸ’ ಎಂದು ಶುರುವಾದ ಮಾತು ಎರಡನೇ ವಾಕ್ಯಕ್ಕೇ ಅಮ್ಮನ ಕೆಲಸಕ್ಕೆ ಬಂದು ನಿಲ್ಲುತ್ತದೆ. ಮೇಲಿನ ವಾದವನ್ನೇ ನೋಡಿ, ಜೀಪಿಗೆ ಓಡುವವಳು ಅಮ್ಮ, ತಲೆಯಾಡಿಸುವವಳೂ ಅಮ್ಮ. ನಾಲ್ಕೂವರೆಗೆ ಕೆಲಸ ಮುಗಿಸಿ ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಹರಟುವ ಅಪ್ಪಂದಿರು ಎಷ್ಟಿಲ್ಲ! ಅವರ ಕೆಲಸದ ವೇಳೆ ಅಡ್ಡ ಬಂದಿಲ್ಲ. ಒಲೆ ಮುಂದೆ ನಿಲ್ಲುವ ಅಭ್ಯಾಸ ಇಲ್ಲ. ಅದನ್ನು ಕೆಲಸದ ಖಾತೆಗೆ ಬರೆದರೆ ಹೇಗೆ?

ಬಡತನ ಇಲ್ಲವೆಂದಲ್ಲ, ಕೂಲಿ ಸಾಲದು ಎಂಬುದೂ ನಿಜ. ಆದರೆ ಕೂಲಿಯವರ ಕೆಲಸ ಹೀಗೇ ಇರುತ್ತದೆಂದು ಗೊತ್ತಿದ್ದೇ ಕಾನೂನು ಮಾಡಿದ್ದರು. ಐವತ್ತು ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಶಿಶುವಿಹಾರ ಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. 1975ರಲ್ಲಿ ಅಂಗನವಾಡಿ ಬಂತು. 2013ರಿಂದ ಕ್ಷೀರಭಾಗ್ಯದ ಹಾಲೂ ಸಿಗುತ್ತಿದೆ. ಅಂಗನವಾಡಿ ಬಾಗಿಲು ತೆರೆಯುವುದು ಮಾತ್ರ ಕೂಲಿಯವರು ತೋಟಕ್ಕೆ ಹೊರಟು ಎಷ್ಟೋ ಹೊತ್ತಾದ ಮೇಲೆ. ಅದು ವ್ಯವಸ್ಥೆಯ ತಪ್ಪು, ಕೊಯ್ಲಿನದ್ದಲ್ಲ. ಬೆಳಿಗ್ಗೆ ಏಳಕ್ಕೆ ಆ ಬಾಗಿಲು ತೆರೆದು, ಒಳಗೆ ಬಿಸಿ ಗಂಜಿ, ಒಂದು ಮೊಟ್ಟೆ ಸಿಕ್ಕರೆ ಅಮ್ಮ ಕಾಫಿ ಕೊಯ್ದರೇನು, ಮೆಣಸು ಕೊಯ್ದರೇನು?