ಯೋಚಿಸು, ಜೊತೆಗೂಡು, ಫೋಟೊ ತೆಗೆಸಿಕೊ

ಆ ಸುತ್ತೋಲೆ ಈಗಾಗಲೇ ಎಲ್ಲರ ಮೊಬೈಲಿಗೂ ಎರಡೆರಡು ಸಲ ಬಂದು ಹೋಗಿರುವುದರಿಂದ ಅದನ್ನು ಇಲ್ಲಿ ಪೂರ್ತಿಯಾಗಿ ಒಪ್ಪಿಸುವುದಿಲ್ಲ. ಕಾಲೇಜಿನ ಪ್ರತಿಯೊಬ್ಬ ಅಧ್ಯಾಪಕರೂ ವಾರಕ್ಕೆ ಎರಡು ‘ಸಕ್ರಿಯ ಕಲಿಕೆ’ಯ (ಅಂದರೆ ಬರೀ ಉಪನ್ಯಾಸ ಕೇಳುತ್ತ ಕೂರದೆ ವಿದ್ಯಾರ್ಥಿಗಳೇ ಯೋಚಿಸಿ, ಚರ್ಚಿಸಿ ಕಲಿಯುವುದರ) ಚಿತ್ರಗಳನ್ನು ಅಕ್ಷಾಂಶ, ರೇಖಾಂಶ, ದಿನಾಂಕ, ವೇಳೆಗಳ ಸಮೇತ ತೆಗೆದು ಶನಿವಾರ ಸಂಜೆ ನಾಲ್ಕರೊಳಗೆ ಅಪ್‌ಲೋಡ್ ಮಾಡಬೇಕೆನ್ನುವ ಆ ಎರಡು ಪುಟಗಳಲ್ಲಿ ನನಗೆ ಬಹಳ ಹಿಡಿಸಿದ್ದು ಆರನೆಯ ಅಂಶ: ‘ಚಿತ್ರದಲ್ಲಿ ವಿದ್ಯಾರ್ಥಿಗಳು ಉತ್ಸಾಹದಿಂದ ಇರತಕ್ಕದ್ದು.’ ಕಚೇರಿ ಕನ್ನಡದ ‘ತಕ್ಕದ್ದು’ ಇದುವರೆಗೆ ಅರ್ಜಿ, ರಸೀದಿ, ಮುಚ್ಚಳಿಕೆಗಳ ಮೇಲಷ್ಟೇ ಅಧಿಕಾರ ಚಲಾಯಿಸುತ್ತಿತ್ತು. ಈಗ ಅದು ಹತ್ತೊಂಬತ್ತು ವರ್ಷದ ಹುಡುಗರ ಮುಖಭಾವದವರೆಗೂ ತನ್ನ ವ್ಯಾಪ್ತಿಯನ್ನು ವಿಸ್ತರಿಸಿಕೊಂಡಿರುವುದು ಭಾಷೆಯ ಬೆಳವಣಿಗೆಯೆಂದೇ ಭಾವಿಸುತ್ತೇನೆ.

ನನ್ನ ತಂಗಿಯ ಮಗ ಮಲೆನಾಡಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ವಿಭಾಗದ ಅಧ್ಯಾಪಕ. ಕಾಲೇಜಿನ ಹೆಸರು ಬೇಡ, ಅವನ ಕೆಲಸ ಇನ್ನೂ ಕಾಯಂ ಆಗಿಲ್ಲ. ಅವನ ತರಗತಿಯಲ್ಲಿ 63 ಮಂದಿ ಇದ್ದಾರೆ, ಬೆಂಚುಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದಾರೆ. ಮೊದಲು ಒಂಟಿಯಾಗಿ ಯೋಚಿಸಿ, ಆಮೇಲೆ ಪಕ್ಕದವರೊಡನೆ ಚರ್ಚಿಸಿ, ಕೊನೆಗೆ ತರಗತಿಗೆಲ್ಲ ಹೇಳುವ ‘ಯೋಚಿಸು, ಜೊತೆಗೂಡು, ಹಂಚಿಕೊ’ ಎಂಬ ಸಕ್ರಿಯ ಕಲಿಕೆಯ ಕ್ರಮವನ್ನು ಅಮೆರಿಕದ ಶಿಕ್ಷಣತಜ್ಞ ಫ್ರಾಂಕ್ ಲೈಮನ್ 1981ರಲ್ಲಿ ಮುಂದಿಟ್ಟಾಗ, ಮುಂದಿನ ಬೆಂಚಿನವನು ಹಿಂದಿನ ಬೆಂಚಿನವನೊಡನೆ ಜೊತೆಗೂಡಬೇಕಾದರೆ ಸೊಂಟವನ್ನು ಎಷ್ಟು ಡಿಗ್ರಿ ತಿರುಚಬೇಕೆಂದು ಲೆಕ್ಕ ಹಾಕಿರಲಾರರು. ನಮ್ಮ ಹುಡುಗರು ಅದನ್ನೂ ಮಾಡುತ್ತಾರೆ. ಹಿಂದಿನ ಸಾಲಿನಲ್ಲಿ ಯಾವ ವಿಷಯದ ಮೇಲೆ ಯಾವ ಜೊತೆಗೂಡುವಿಕೆ ನಡೆಯುತ್ತದೆ ಎನ್ನುವುದು ಬೇರೆ ಮಾತು.

ಅಳಿಯ ಆರಂಭದಲ್ಲಿ ಈ ಸುತ್ತೋಲೆಯನ್ನು ನಂಬಿಬಿಟ್ಟ. ಹಾರ್ವರ್ಡಿನ ಭೌತಶಾಸ್ತ್ರಜ್ಞ ಎರಿಕ್ ಮಜೂರ್ 1991ರಿಂದ ತಮ್ಮ ತರಗತಿಯಲ್ಲಿ ನಡೆಸಿಕೊಂಡು ಬಂದ ಪದ್ಧತಿಯ ಬಗ್ಗೆ ರಾತ್ರಿಯಿಡೀ ಓದಿದ. ಸೂತ್ರಕ್ಕೆ ಅಂಕಿ ಹಾಕಿ ಬಿಡಿಸುವಂಥದ್ದಲ್ಲದ, ಪರಿಕಲ್ಪನೆಯನ್ನೇ ಕೆಣಕುವ ಒಂದು ಪ್ರಶ್ನೆ ಕೇಳಬೇಕು. ಮೊದಲು ಪ್ರತಿಯೊಬ್ಬನೂ ಒಂಟಿಯಾಗಿ ಯೋಚಿಸಿ ಉತ್ತರಕ್ಕೆ ಮತ ಹಾಕಬೇಕು. ಸರಿಯುತ್ತರ ಹೇಳಿದವರು ಸುಮಾರು ಶೇ. 30ರಿಂದ 70ರೊಳಗಿದ್ದರೆ ಅಕ್ಕಪಕ್ಕದವರೊಡನೆ ವಾದಿಸಲು ಬಿಡಬೇಕು. ಅದಕ್ಕಿಂತ ಕಡಿಮೆಯಿದ್ದರೆ ಪಾಠವನ್ನೇ ಮತ್ತೆ ಹೇಳಬೇಕು. ಹೆಚ್ಚಿದ್ದರೆ ಮುಂದಕ್ಕೆ ಹೋಗಬೇಕು. ಇದರಲ್ಲಿ ಕಷ್ಟದ ಕೆಲಸ ಪ್ರಶ್ನೆಯನ್ನು ಹುಡುಕುವುದು. ಹುಡುಗರು ಎಲ್ಲಿ ಎಡವುತ್ತಾರೆಂದು ಮೊದಲೇ ಊಹಿಸಿ, ಸರಿಯಾಗಿ ಅಲ್ಲಿಯೇ ಕಲ್ಲಿಡಬೇಕು. ಅವನು ಆರಿಸಿಕೊಂಡದ್ದು ಇದು: 60 ವ್ಯಾಟಿನ ಒಂದು ಬಲ್ಬನ್ನೂ 100 ವ್ಯಾಟಿನ ಒಂದು ಬಲ್ಬನ್ನೂ ಸರಣಿಯಲ್ಲಿ ಜೋಡಿಸಿ 230 ವೋಲ್ಟ್ ಕೊಟ್ಟರೆ ಯಾವುದು ಹೆಚ್ಚು ಬೆಳಗುತ್ತದೆ? ಓದುಗರೂ ಕೈ ಎತ್ತಬಹುದು. ಎಲ್‌ಇಡಿ ಯುಗದಲ್ಲಿ ಹಳೆಯ ಬುರುಡೆ ಬಲ್ಬು ಸಿಗುವುದು ಸುಲಭವಲ್ಲವಾದ್ದರಿಂದ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಾಲ್ಕು ಅಂಗಡಿ ಸುತ್ತಿ, ಸ್ವಂತ ದುಡ್ಡು ಕೊಟ್ಟು ಎರಡನ್ನು ತಂದು, ಒಂದು ಹಲಗೆಗೆ ಹೋಲ್ಡರ್ ಹೊಡೆದು, ವೈರು ಎಳೆದು ತರಗತಿಗೆ ಒಯ್ದ.

100ರ ಪರವಾಗಿ 40 ಕೈ ಎದ್ದವು, 60ರ ಪರವಾಗಿ 23. ಮಜೂರ್ ಹೇಳಿದ ಗಡಿಯ ಒಳಗೇ ಇದೆಯೆಂದು ಅಳಿಯನಿಗೆ ಖುಷಿಯೋ ಖುಷಿ. ‘ಈಗ ಪಕ್ಕದವರನ್ನು ಒಪ್ಪಿಸಿ’ ಎಂದ ಎರಡನೇ ನಿಮಿಷಕ್ಕೆ ತರಗತಿಯಲ್ಲಿ ಸಂತೆಯ ಗದ್ದಲ ಎದ್ದಿತು. ಒಬ್ಬಳು ಹುಡುಗಿ ಬೆಂಚಿನ ಮೇಲೆಯೇ ಸೀಮೆಸುಣ್ಣದಲ್ಲಿ ಓಮನ ನಿಯಮ ಬರೆದು ಮೂರು ಜನರೊಡನೆ ಜಗಳಕ್ಕೆ ನಿಂತಿದ್ದಳಂತೆ. ಆಗ ಗುಣಮಟ್ಟ ಕೋಶದವರು ಮೊಬೈಲು ಹಿಡಿದು ಒಳಗೆ ಬಂದು, ‘ಎಲ್ಲರೂ ಒಂದು ನಿಮಿಷ ಸುಮ್ಮನಿರಿ, ಚರ್ಚೆಯ ಫೋಟೊ ತೆಗೆಯಬೇಕು’ ಎಂದರು. ಹುಡುಗರು ಸುಮ್ಮನಾಗಿ ಚರ್ಚಿಸುವವರ ಹಾಗೆ ಕೂತರು. ಆ ಹುಡುಗಿಗೆ ಬೆಂಚಿನ ಮೇಲಿನ ಬರವಣಿಗೆಯನ್ನು ಅಳಿಸಲು ಹೇಳಲಾಯಿತು, ಕಾಲೇಜಿನ ಆಸ್ತಿಗೆ ಹಾನಿ ಮಾಡಿದಂತೆ ಕಾಣಬಾರದಲ್ಲ. ಫೋಟೊ ಚೆನ್ನಾಗಿ ಬಂತು. ಅಷ್ಟರಲ್ಲಿ ಎಲ್ಲೋ ತಂತಿಯ ಮೇಲೆ ಕೊಂಬೆ ಬಿದ್ದು ಕರೆಂಟು ಹೋಯಿತು. ಶರಾವತಿಯ ನೀರಿನಿಂದ 1035 ಮೆಗಾವ್ಯಾಟ್ ತೆಗೆಯಬಲ್ಲ ವಿದ್ಯುದಾಗಾರವಿರುವ ಈ ಜಿಲ್ಲೆಯಲ್ಲಿ ಎರಡು ಬಲ್ಬು ಉರಿಸುವಷ್ಟು ಕರೆಂಟೂ ಸಿಗದೆ ಗಂಟೆ ಹೊಡೆಯಿತು.

ಸಕ್ರಿಯ ಕಲಿಕೆ ಎನ್ನುವುದು ಹುಸಿ ಮಾತೇನಲ್ಲ, ಅದೇ ಬೇಸರದ ಸಂಗತಿ. ವಿಜ್ಞಾನ, ಇಂಜಿನಿಯರಿಂಗ್, ಗಣಿತದ ಪದವಿ ತರಗತಿಗಳ ಮೇಲಿನ 225 ಅಧ್ಯಯನಗಳನ್ನು ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಬರೀ ಉಪನ್ಯಾಸ ಕೇಳಿದವರು ಅನುತ್ತೀರ್ಣರಾಗುವ ಸಂಭವ ಉಳಿದವರಿಗಿರುವುದರ ಒಂದೂವರೆ ಪಟ್ಟು ಎಂದು ಕಂಡುಬಂತು. ಇಷ್ಟು ಪುರಾವೆಯಿರುವ ಒಳ್ಳೆಯ ವಿಚಾರವನ್ನು ಸಾಯಿಸುವುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ, ಅದಕ್ಕೆ ಸುತ್ತೋಲೆಯೇ ಬೇಕು. ಇನ್ನೊಂದು ತಮಾಷೆಯೂ ಇದೆ. ಹಾರ್ವರ್ಡಿನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಕ್ರಿಯ ತರಗತಿಯ ವಿದ್ಯಾರ್ಥಿಗಳು ನಿಜಕ್ಕೂ ಹೆಚ್ಚು ಕಲಿತಿದ್ದರೂ ತಾವು ಕಡಿಮೆ ಕಲಿತೆವೆಂದೇ ಭಾವಿಸಿದ್ದರು, ಏಕೆಂದರೆ ತಲೆ ಓಡಿಸುವುದು ಶ್ರಮದ ಕೆಲಸ, ನಯವಾದ ಉಪನ್ಯಾಸ ಕೇಳುವುದು ಸುಖದ ಕೆಲಸ. ಸೆಮಿಸ್ಟರಿನ ಕೊನೆಯಲ್ಲಿ ಅಧ್ಯಾಪಕರಿಗೆ ಅಂಕ ಕೊಡುವ ಅಭಿಪ್ರಾಯ ಪತ್ರದಲ್ಲಿ ನಮ್ಮವರು ಕೇಳುವುದೂ ಅದನ್ನೇ: ಚೆನ್ನಾಗಿ ಅರ್ಥವಾಯಿತು ಎನಿಸಿತೇ? ಅಳಿಯನಿಗೆ ಐದಕ್ಕೆ ಮೂರು ಬಂದಿದೆ. ನೋಟ್ಸ್ ಬರೆಸುವ ಸಹೋದ್ಯೋಗಿಗೆ ನಾಲ್ಕೂ ಮುಕ್ಕಾಲು.

ಪರೀಕ್ಷೆಯೂ ಸುಧಾರಿಸಿದೆಯೆನ್ನಿ. ಬರೀ ನೆನಪಿನಿಂದ ಹಿಡಿದು ಉನ್ನತ ಚಿಂತನೆಯವರೆಗೆ ಕಲಿಕೆಯನ್ನು ವಿಂಗಡಿಸಿ ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1956ರಲ್ಲಿ ಕಟ್ಟಿದ ಆರು ಮೆಟ್ಟಿಲುಗಳ ಏಣಿಯನ್ನು ಈಗ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಎಲ್1, ಎಲ್2 ಎಂದು ನಿಲ್ಲಿಸಿರುತ್ತಾರೆ. ನಾನು ಓದುವಾಗ ‘ಟ್ರಾನ್ಸ್‌ಫಾರ್ಮರಿನ ಕಾರ್ಯತತ್ವವನ್ನು ವಿವರಿಸಿ’ ಎಂದಿದ್ದ ಪ್ರಶ್ನೆ ಅದೇ ಹತ್ತು ಅಂಕಕ್ಕೆ, ಅದೇ ಚಿತ್ರದೊಂದಿಗೆ, ‘ವಿಶ್ಲೇಷಿಸಿ’ ಎಂದಾಗಿ ನಾಲ್ಕನೇ ಮೆಟ್ಟಿಲಿನಲ್ಲಿ ಕೂತಿದೆ. ಉತ್ತರ ಎರಡಕ್ಕೂ ಒಂದೇ. ಕ್ರಿಯಾಪದಕ್ಕೆ ಮಾತ್ರ ಬಡ್ತಿ ಸಿಕ್ಕಿದೆ, ಅತಿಥಿ ಉಪನ್ಯಾಸಕರಿಗೆ ಆ ಭಾಗ್ಯವಿಲ್ಲ. ಪ್ರತಿ ತರಗತಿಯಲ್ಲೂ ‘ಉನ್ನತ ಚಿಂತನೆಯ’ ಪ್ರಶ್ನೆಗಳನ್ನು ಮೂರಕ್ಕೆ ಕಡಿಮೆಯಿಲ್ಲದಂತೆ ಕೇಳಬೇಕೆಂದು ಪಠ್ಯಕ್ರಮದಲ್ಲೇ ಸೂಚನೆಯಿದ್ದು, ಅದಕ್ಕಾಗಿ ದಿನಚರಿಯಲ್ಲಿ ಮೂರು ಗೆರೆ ಹಾಕಿಕೊಟ್ಟಿದ್ದಾರೆ. ವಿದ್ಯಾರ್ಥಿ ಕೇಳಿದ ಪ್ರಶ್ನೆಯನ್ನು ಬರೆಯಲು ಜಾಗವಿಲ್ಲ.

ಮಂಗಳವಾರ ಅಳಿಯನಿಗೆ ಕಾರಣ ಕೇಳುವ ಪತ್ರ ಬಂತು. ಕಾಂಕ್ರೀಟು ತಾರಸಿಯ ಕೆಳಗೆ ಉಪಗ್ರಹದ ಸಂಕೇತ ಸರಿಯಾಗಿ ಸಿಗದೆ, ಆ ಫೋಟೊದ ಮೂಲೆಯ ನಕ್ಷೆಯಲ್ಲಿ ಕೆಂಪು ಗುರುತು ಕಾಲೇಜಿನ ಹಿಂದಿನ ಅಡಿಕೆ ತೋಟದಲ್ಲಿ ಬಿದ್ದಿತ್ತು. ‘ತರಗತಿಯನ್ನು ಅನುಮತಿಯಿಲ್ಲದೆ ತೋಟದಲ್ಲಿ ನಡೆಸಿದ್ದೇಕೆ?’ ಎಂಬುದು ಪ್ರಶ್ನೆ. ಚಿತ್ರದಲ್ಲಿ ಕರಿಹಲಗೆ, ಫ್ಯಾನು, ಬೆಂಚು ಎಲ್ಲವೂ ಕಾಣುತ್ತಿದ್ದವು, ಆದರೆ ರೇಖಾಂಶ ಸುಳ್ಳು ಹೇಳುತ್ತದೆಯೇ? ‘ಎಂತ ಬರೆಯೋದು ಮಾವ?’ ಎಂದು ಕೇಳಿಕೊಂಡು ಬಂದ. ‘ಕ್ಷೇತ್ರ ಭೇಟಿ ಅಂತ ಬರಿ ಮಾರಾಯ, ಹೆಚ್ಚು ಅಂಕ ಕೊಟ್ಟಾರು’ ಎಂದೆ. ಹಾಗೆಯೇ ಬರೆದ, ಕೊಟ್ಟರು.

ನಾನು ಆ ತೋಟಕ್ಕೆ ಹೋಗಿ ಬಂದೆ. ಮಳೆ ಹೊಳವಾಗಿತ್ತು, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ತಯಾರಿ ನಡೆದಿತ್ತು. ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟು), 1 ಕಿಲೋ ಸುಣ್ಣ ಬೇಕು. ಎರಡನ್ನೂ ಬೇರೆ ಬೇರೆ ಕರಗಿಸಿ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ಸುಣ್ಣವನ್ನು ಮೈಲುತುತ್ತಕ್ಕಲ್ಲ. ಮುದುಕನೊಬ್ಬ ಹದಿನೆಂಟರ ಹುಡುಗನ ಕೈಗೆ ಕತ್ತಿ ಕೊಟ್ಟು, ‘ಅದ್ದಿ ನೋಡು’ ಎಂದ. ಹುಡುಗ ಕತ್ತಿಯ ತುದಿಯನ್ನು ಡ್ರಮ್ಮಿನೊಳಗೆ ಇಳಿಬಿಟ್ಟು ಸ್ವಲ್ಪ ಹೊತ್ತು ಕಾದು ಎತ್ತಿದ. ತುದಿಗೆ ಇಟ್ಟಿಗೆ ಬಣ್ಣ ಹತ್ತಿತ್ತು. ‘ಎಂತ ಕಾಣ್ತದೆ?’ ‘ಕೆಂಪು.’ ‘ಹಂಗಾರೆ?’ ಹುಡುಗ ಉತ್ತರ ಹೇಳದೆ ಸುಣ್ಣದ ಬಕೆಟ್ಟಿಗೆ ಕೈ ಹಾಕಿದ. ಸುಣ್ಣ ಸಾಲದೆ ದ್ರಾವಣದಲ್ಲಿ ಉಳಿದ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುವ ಈ ಸಂಗತಿಯನ್ನು ಗೋಡೆಯ ಆಚೆ ಪ್ರಥಮ ವರ್ಷದವರು ರಸಾಯನಶಾಸ್ತ್ರದ ಉತ್ತರವಾಗಿ ಬಾಯಿಪಾಠ ಮಾಡುತ್ತಾರೆ. ಮೈಸೂರು ಸರ್ಕಾರದ ಸೇವೆಗೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ಅದರ ಬಗ್ಗೆ ಬರೆದರು. ತೋಟಗಳಿಗೆ ಈ ದ್ರಾವಣದ ದಾರಿ ತೋರಿಸಿದ್ದು ಅವರ ಕೆಲಸವೇ. ಆ ಕತ್ತಿ ಅದ್ದುವ ಪಾಠಕ್ಕೆ ಯಾರೂ ಫೋಟೊ ತೆಗೆದಿಲ್ಲ.

ಗೋಡೆಯ ಈಚೆಗಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅಮ್ಮೀಟರುಗಳು ನಾಲ್ಕೇ ಇವೆ. ಒಂದೊಂದರ ಸುತ್ತ ಎಂಟು ಮಂದಿ ನಿಲ್ಲುತ್ತಾರೆ, ಒಬ್ಬ ಗುಂಡಿ ತಿರುಗಿಸುತ್ತಾನೆ, ಒಬ್ಬ ನೋಡುತ್ತಾನೆ, ಆರು ಮಂದಿ ಹಿಂದಿನ ವರ್ಷದ ರೆಕಾರ್ಡಿನಿಂದ ಅಂಕಿಗಳನ್ನು ಇಳಿಸಿಕೊಳ್ಳುತ್ತಾರೆ. ಆರು ಹೊಸ ಮೀಟರು ಕೇಳಿ ಅಳಿಯ ಬರೆದ ಪತ್ರಕ್ಕೆ ಒಂದೂವರೆ ವರ್ಷದಿಂದ ಉತ್ತರವಿಲ್ಲ. ಜಿಯೋಟ್ಯಾಗ್ (ಸ್ಥಳದ ಗುರುತು) ಇರುವ ಫೋಟೊಗಳನ್ನು ಬಣ್ಣದಲ್ಲಿ ಮುದ್ರಿಸುವ ಯಂತ್ರ ಹದಿನೈದು ದಿನದಲ್ಲಿ ಬಂತು. ತೋಟ ಅಡ ಇಟ್ಟು ಮಗನನ್ನು ಓದಿಸುವ ಅಪ್ಪ, ಮಗ ನಾಲ್ಕು ವರ್ಷದಲ್ಲಿ ಒಂದಾದರೂ ಮೀಟರನ್ನು ತಾನೇ ಕೈಯಲ್ಲಿ ಹಿಡಿದು ಜೋಡಿಸಿರುತ್ತಾನೆ ಎಂದು ನಂಬಿರುತ್ತಾನೆ. ಆ ನಂಬಿಕೆಗೆ ಇವರು ಮಾಡುತ್ತಿರುವುದು ಮೋಸ. ಇದಕ್ಕೆ ಬೇರೆ ನಯವಾದ ಪದ ನನಗೆ ಸಿಕ್ಕಿಲ್ಲ, ಹುಡುಕುವ ಉತ್ಸಾಹವೂ ಇಲ್ಲ.

ಬಲ್ಬಿನ ವಿಷಯ ಬಾಕಿ ಇತ್ತು. ಆ ದಿನ ಕರೆಂಟು ಮರಳಿ ಬಂದದ್ದು ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ. ಅಳಿಯ ಖಾಲಿ ತರಗತಿಯಲ್ಲಿ ಕೂತು ಫೋಟೊ ಅಪ್‌ಲೋಡ್ ಮಾಡುತ್ತಿದ್ದ. ಹಲಗೆಯ ಸ್ವಿಚ್ಚು ಹಾಕಿದ್ದು ಹಾಕಿದ ಹಾಗೆಯೇ ಇದ್ದುದರಿಂದ ಎರಡೂ ಬಲ್ಬು ತಾವಾಗಿಯೇ ಹೊತ್ತಿಕೊಂಡವು. ಬಾಗಿಲು ಹಾಕಲು ಬೀಗ ಹಿಡಿದು ಬಂದ ಅಟೆಂಡರ್ ಹತ್ತಿರ ಹೋಗಿ, ಬಗ್ಗಿ, ಗಾಜಿನ ಮೇಲಿನ ಅಂಕಿಗಳನ್ನು ಓದಿ, ‘ಸರ್, ಅರವತ್ತಂದೇ ಜೋರು ಉರೀತಾ ಇದೆ, ಎಂತಕ್ಕೆ ಹಂಗೆ?’ ಎಂದು ಕೇಳಿದರು. ಎರಡರಲ್ಲೂ ಹರಿಯುವುದು ಒಂದೇ ಕರೆಂಟು, ಅರವತ್ತರದ್ದಕ್ಕೆ ತಡೆ ಹೆಚ್ಚು ಎಂದು ಶುರುಮಾಡಿ, ಕರಿಹಲಗೆಯ ಮೇಲೆ ಚಿತ್ರ ಬರೆದು, ವೈರು ಬಿಚ್ಚಿ ಸಮಾಂತರದಲ್ಲಿ ಜೋಡಿಸಿ, ಈಗ ನೂರು ಗೆಲ್ಲುತ್ತದೆಯೆಂದು ತೋರಿಸಿ ಮುಗಿಸುವಷ್ಟರಲ್ಲಿ ನಾಲ್ಕೂ ಕಾಲು ಆಗಿತ್ತು. ಅಪ್‌ಲೋಡ್ ಕಿಂಡಿ ಮುಚ್ಚಿತ್ತು. ತಡವಾದದ್ದಕ್ಕೆ ಕಾರಣ ಕೇಳುವ ಪತ್ರ ಬುಧವಾರ ಬಂತು.