ಹೊಸ ಟವರ್‌ಗೆ ಮೊದಲು ಹಳೆಯ ಲೆಕ್ಕ ನೋಡಿ
ಮಂಗಳೂರಿನ ಹಂಪನಕಟ್ಟೆ ಹತ್ತಿರ, ಹಿಂದೆಯೂ ಫ್ಲ್ಯಾಟ್ ಕಟ್ಟಿದ ಬಿಲ್ಡರ್ ಒಬ್ಬರು ಎರಡು ಹೊಸ ಟವರ್ ಕಟ್ಟುವ ಸುದ್ದಿಗೆ ಕಾಮೆಂಟ್‌ನಲ್ಲಿ ಒಬ್ಬರು, "ಹಿಂದಿನದ್ದೆಲ್ಲ ಮುಗಿಸಿ ಕೊಟ್ಟಿದ್ದಾರಲ್ಲ, ಮತ್ತೇನು?" ಅಂತ ಬರೆದಿದ್ದಾರೆ. ಕೀ ಕೊಟ್ಟ ಕೂಡಲೇ ಕೆಲಸ ಮುಗಿಯುವುದಿಲ್ಲ ಸರ್. ಬಿಜೈಯಲ್ಲಿ ನಮ್ಮ ಚಿಕ್ಕಮ್ಮ ಬೇರೊಬ್ಬ ಬಿಲ್ಡರ್‌ನಿಂದ ಫ್ಲ್ಯಾಟ್ ತೆಗೆದುಕೊಂಡರು. ಗೃಹಪ್ರವೇಶ ಆದ ಮೇಲೂ ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಅನ್ನುವ ಸರ್ಕಾರಿ ಪ್ರಮಾಣಪತ್ರ) ಬಂದಿರಲಿಲ್ಲ. ಮಳೆಗಾಲದಲ್ಲಿ ಬೇಸ್‌ಮೆಂಟ್ ತುಂಬಾ ನೀರು.

2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ, ಪ್ರಾಜೆಕ್ಟ್ ನೋಂದಣಿಗೆ ಅರ್ಜಿ ಹಾಕುವಾಗಲೇ ಬಿಲ್ಡರ್ ಹಿಂದಿನ 5 ವರ್ಷದ ಜಾತಕ ಕೊಡಬೇಕು. ಯಾವುದು ಮುಗಿಯಿತು, ಯಾವುದು ತಡವಾಯಿತು, ಕೇಸ್ ಏನಾದರೂ ಇದೆಯಾ, ಎಲ್ಲವನ್ನೂ. ಕರ್ನಾಟಕ ರೇರಾ ವೆಬ್‌ಸೈಟ್‌ನಲ್ಲಿ ಹುಡುಕಿ ನೋಡಿ, ಸುಮ್ನೆ ಬ್ರೋಷರ್ ನಂಬಬೇಡಿ. ಗ್ರಾಹಕರ ಹಣದಲ್ಲಿ 70% ಆ ಪ್ರಾಜೆಕ್ಟ್‌ನದ್ದೇ ಪ್ರತ್ಯೇಕ ಖಾತೆಯಲ್ಲಿರಬೇಕು. ಅದನ್ನು ಬೇರೆ ಕಟ್ಟಡಕ್ಕೆ ತಿರುಗಿಸುವ ಹಾಗಿಲ್ಲ.

ಟವರ್ ಬೇಡ ಅಂತಲ್ಲ. ಪೇಟೆಯಲ್ಲಿ ಜಾಗ ಎಲ್ಲಿದೆ, ಮೇಲಕ್ಕೇ ಹೋಗಬೇಕು. ಆದರೆ ನೀರು? ತುಂಬೆ ಡ್ಯಾಂನಲ್ಲಿ ನೀರು ಇಳಿದು 2019ರಲ್ಲೂ 2023ರಲ್ಲೂ ಮಂಗಳೂರಿಗೆ ರೇಷನಿಂಗ್ ಬಂತು, ಅಲ್ವಾ? ಬುಕ್ ಮಾಡುವವರು ನೀರು, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಎರಡರ ಬಗ್ಗೆಯೂ ಬರಹದಲ್ಲೇ ಉತ್ತರ ತೆಗೆದುಕೊಳ್ಳಿ.