ಅಜ್ಜನ ಚಡ್ಡಿ ಮತ್ತು ಹರಿಕೇನ್ ವಿಮಾನ

ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮಜ್ಜ ಐದು ಜಪಾನಿ ವಿಮಾನ ಹೊಡೆದುರುಳಿಸಿದ್ದರು. ಏಳನೇ ಕ್ಲಾಸಿಗೆ ಬರುವಷ್ಟರಲ್ಲಿ ಅದು ಹನ್ನೊಂದಾಗಿತ್ತು. ಲೆಕ್ಕ ಇಡುತ್ತಿದ್ದವನು ನಾನೇ.

ಅಜ್ಜ ಯುದ್ಧಕ್ಕೆ ಹೋಗಿದ್ದಂತೂ ನಿಜ. ಎರಡನೇ ಮಹಾಯುದ್ಧದ ಹೊತ್ತು, 1944ರಲ್ಲಿ ಮಣಿಪುರದ ಇಂಫಾಲದಲ್ಲಿದ್ದರು, ಅರ್ಜನ್ ಸಿಂಗ್ ನಾಯಕರಾಗಿದ್ದ ವಾಯುಪಡೆಯ ಒಂದನೇ ಸ್ಕ್ವಾಡ್ರನ್ನಿನಲ್ಲಿ. ಸುತ್ತ ಕಾಡುಗುಡ್ಡ, ಗುಡ್ಡದಲ್ಲಿ ಜಪಾನಿಯರು. ಕೊಹಿಮಾ ರಸ್ತೆ ಬಂದ್. ಅಕ್ಕಿಬೇಳೆಯೂ ವಿಮಾನದಲ್ಲೇ ಬರಬೇಕು. ಇಷ್ಟು ಗೊತ್ತಿದ್ದರೆ ಸಾಕಲ್ವಾ, ಉಳಿದದ್ದು ನಾನು ಸೇರಿಸಿದ್ದೆ.

ಆಗಸ್ಟ್ 15ಕ್ಕೆ ಹೆಡ್‌ಮಾಸ್ಟ್ರು ಅಜ್ಜನನ್ನೇ ಭಾಷಣಕ್ಕೆ ಕರೆದುಬಿಟ್ಟರು.

ಅಜ್ಜ ಮೈಕ್ ಹಿಡಿದು, "ನಾನು ವಿಮಾನ ಹಾರಿಸಿಲ್ಲ ಮಕ್ಕಳೇ, ತೇಪೆ ಹಾಕ್ತಿದ್ದೆ" ಅಂದರು. ಹರಿಕೇನ್ ವಿಮಾನದ ಹಿಂಭಾಗಕ್ಕೆ ಹೊದಿಸಿದ್ದು ತಗಡಲ್ಲವಂತೆ, ಬಟ್ಟೆ. ಗುಂಡು ತೂತು ಮಾಡಿ ಆಚೆ ಹೋಗುತ್ತಿತ್ತು. ಇವರು ತೂತಿಗೆ ಲಿನನ್ ತುಂಡು ಇಟ್ಟು, ಡೋಪ್ ಅನ್ನೋ ಕೆಂಪು ದ್ರಾವಣ ಬಳಿಯುತ್ತಿದ್ದರು. ಒಣಗಿದರೆ ಬಟ್ಟೆ ತಮಟೆ ಥರ ಬಿಗಿಯುತ್ತೆ. ಬೆಳಿಗ್ಗೆ ವಿಮಾನ ಮತ್ತೆ ಹೊರಡುತ್ತೆ.

ನಾನು ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿದೆ.

ಅಲ್ಲಿನ ಮಳೆಗಾಲದಲ್ಲಿ ಒಂದು ದಿನ ಅಜ್ಜನ ಚಡ್ಡಿ ಹಿಂದೆ ಹರಿಯಿತಂತೆ. ಹಾಕಿಕೊಳ್ಳೋಕೆ ಇದ್ದದ್ದು ಅದೊಂದೇ, ಇನ್ನೊಂದು ಒಣಗಿರಲಿಲ್ಲ. ಸೂಜಿದಾರ ಹುಡುಕೋದು ಯಾಕೆ ಅಂತ ಅಜ್ಜ ಲಿನನ್ ತುಂಡು ಅಂಟಿಸಿ, ಮೂರು ಕೋಟ್ ಡೋಪ್ ಬಳಿದರು. ಧಾರಾಳವಾಗಿ. ವಿಮಾನಕ್ಕೆ ತಡೆದದ್ದು ಚಡ್ಡಿಗೆ ತಡೆಯಲ್ವಾ?

ಸಂಜೆಯ ಹೊತ್ತಿಗೆ ಚಡ್ಡಿಯನ್ನು ನೆಲದ ಮೇಲಿಟ್ಟರೆ ತಾನಾಗೇ ನಿಂತುಕೊಂಡಿತು. ಹಾಕಿಕೊಂಡರೆ ಕೂರೋಕಾಗದು. ನಡೆದರೆ ಹಪ್ಪಳ ಮುರಿದ ಸದ್ದು. ಮಲೇರಿಯಾ ಬರದಿರಲಿ ಅಂತ ದಿನಾ ನುಂಗುತ್ತಿದ್ದ ಮೆಪಾಕ್ರಿನ್ ಮಾತ್ರೆಗೆ ಮೈಯೆಲ್ಲ ಹಳದಿ ಬೇರೆ. ಅರಿಶಿನ ಶಾಸ್ತ್ರ ಮುಗಿಸಿ ಎದ್ದುಬಂದ ಮದುಮಗನಿಗೆ ಹಿಂದುಗಡೆ ಕುಂಕುಮ ಇಟ್ಟ ಹಾಗೆ! ರಾತ್ರಿ ಸೈರನ್ ಕೂಗಿತು. ಎಲ್ಲರೂ ಟ್ರೆಂಚಿಗೆ ಹಾರಿದರು. ಅಜ್ಜನೂ ಹಾರಿದರು. ಫಟ್ ಅಂತ ಸದ್ದು ಬಂತು. ಬಾಂಬೇ ಬಿತ್ತು ಅಂದುಕೊಂಡು ಪಕ್ಕದವನು ರಾಮರಾಮ ಅಂದನಂತೆ.

ಇಡೀ ಶಾಲೆ ಬಿದ್ದುಬಿದ್ದು ನಕ್ಕಿತು. ನನ್ನ ಹನ್ನೊಂದು ವಿಮಾನಗಳು ಒಂದೊಂದಾಗಿ ಉರುಳುತ್ತಿದ್ದವು.

"ಆಮೇಲೆ ಅರ್ಜನ್ ಸಿಂಗರಿಗೆ ಪದಕ ತೊಡಿಸೋಕೆ ಮೌಂಟ್‌ಬ್ಯಾಟನ್ ಸಾಹೇಬರು ಅಲ್ಲಿಗೇ ಬಂದ್ರು" ಅಂದರು ಅಜ್ಜ. "ಆ ಚಡ್ಡೀಲೇ ನಿಂತಿದ್ದೆ. ಅವತ್ತು ಮಾತ್ರ ನಾನು ಯಾರಿಗೂ ಬೆನ್ನು ತೋರಿಸ್ಲಿಲ್ಲ."

ಹೆಡ್‌ಮಾಸ್ಟ್ರು ಕಡೆಯ ಮಾತು ಮಾತ್ರ ಕೇಳಿಸಿಕೊಂಡರೋ ಏನೋ, ಎದ್ದು ನಿಂತು ಜೋರಾಗಿ ಚಪ್ಪಾಳೆ ಹೊಡೆದರು.

ಎಸ್ಸೆಸ್ಸೆಲ್ಸಿ ಮುಗಿಯೋವರೆಗೂ ನನ್ನ ಹೆಸರು 'ಕೆಂಪು ತೇಪೆ'. ಅವತ್ತು ಮನೆ ದಾರಿಯಲ್ಲಿ ನಾನು ಮುಖ ಊದಿಸಿಕೊಂಡು ಮುಂದೆ ಹೋಗುತ್ತಿದ್ದೆ. ಶಾಲೆಯಲ್ಲಿ ಹಾಕಿದ ಹಾರವನ್ನು ಅಜ್ಜ ಇನ್ನೂ ಕೊರಳಿನಿಂದ ತೆಗೆದಿರಲಿಲ್ಲ.

"ಮುಂದಿನ ವರ್ಷಾನೂ ಕರೀತಾರೇನೋ ಮಗಾ?" ಅಂದರು. "ಇಲಿ ಪ್ಯಾರಾಚೂಟ್ ಕಡಿದ ಕಥೆ ಹೇಳೋದೇ ಮರೆತೆ."